ಆಸ್ಪತ್ರೆಯ ಸೋಷಿಯಲ್ ವರ್ಕರ್ ಸೇವೆ: ದಾವಣಗೆರೆಯ ಝೆರಾಕ್ಸ್ ಅಂಗಡಿಯವನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದು ಡಾಕ್ಟರ ಬಗ್ಗೆ ಬರೆದ ರಿವ್ಯೂ ಅಲ್ಲ. ಡಾಕ್ಟರು ಚೆನ್ನಾಗಿ ನೋಡಿದರು, ಮಾತ್ರೆ ಕೆಲಸ ಮಾಡಿತು, ಅಷ್ಟು ಸಾಕು. ನಾನು ಬರೆಯುತ್ತಿರುವುದು ಅದೇ ಮನೋರೋಗ ವಿಭಾಗದಲ್ಲಿ, ಡಾಕ್ಟರ ರೂಮಿನ ಪಕ್ಕ ಸಣ್ಣ ಟೇಬಲ್ ಹಾಕಿಕೊಂಡು ಕೂರುವ ಸೋಷಿಯಲ್ ವರ್ಕರ್ ಬಗ್ಗೆ. ಅಂಥವರೊಬ್ಬರು ಅಲ್ಲಿ ಇರುತ್ತಾರೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ನೋಡಿದವರೂ ನರ್ಸ್ ಅಂದುಕೊಳ್ಳುತ್ತಾರೆ, ಇಲ್ಲಾಂದ್ರೆ ಸ್ಕೀಮಿನ ಫಾರಂ ತುಂಬಿಕೊಡುವವರು ಅಂದುಕೊಳ್ಳುತ್ತಾರೆ.

ಆಸ್ಪತ್ರೆಯ ಹೆಸರು ಹಾಕಲ್ಲ. ಕೆಳಗೆ ಒಂದಷ್ಟು ದೂರು ಇವೆ. ಹೆಸರು ಹಾಕಿದರೆ ಮೇಲಿನವರಿಂದ ಬೈಸಿಕೊಳ್ಳುವುದು ಆ ಸಣ್ಣ ಟೇಬಲ್ಲಿನವರೇ, ಬೇರೆ ಯಾರೂ ಅಲ್ಲ.

ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಝೆರಾಕ್ಸ್, ಡಿಟಿಪಿ ಅಂಗಡಿ ಇದೆ. ರೇಷನ್ ಕಾರ್ಡ್, ಆಧಾರ್, ಡಿಸ್ಚಾರ್ಜ್ ಸಮ್ಮರಿ, ಎಲ್ಲಾ ನನ್ನ ಕೈಮೇಲೇ ಹೋಗುತ್ತವೆ. ಊರಿನ ಅರ್ಧ ಕಾಯಿಲೆಗಳು ನನ್ನ ಮೆಷೀನಿನ ಗಾಜಿನ ಮೇಲೆ ಮಲಗಿ ಎದ್ದು ಹೋಗಿವೆ. ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವ ಹುಡುಗ ಹುಡುಗಿಯರೂ ಫೀಲ್ಡ್ ವರ್ಕ್ ರಿಪೋರ್ಟ್ ಟೈಪ್ ಮಾಡಿಸಲು, ಸ್ಪೈರಲ್ ಬೈಂಡಿಂಗ್ ಹಾಕಿಸಲು ಬರುತ್ತಾರೆ. ಆದ್ದರಿಂದ ಈ ಕೆಲಸದವರನ್ನು ಗಿರಾಕಿಗಳಾಗಿಯೂ ನೋಡಿದ್ದೇನೆ, ಆಸ್ಪತ್ರೆಯಲ್ಲಿ ರೋಗಿಯ ಅಣ್ಣನಾಗಿ ಅವರ ಮುಂದೆಯೂ ಕೂತಿದ್ದೇನೆ.

ರೋಗಿ ಅಂದರೆ ನನ್ನ ತಮ್ಮ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಹಂಚಿನ ಮುಂದೆ ನಿಲ್ಲುವವನು. ಸೌದೆ ಒಲೆ, ಬೆಳಗಿನ ಜಾವ ಐದಕ್ಕೆಲ್ಲಾ ಕೆಲಸ ಶುರು. ಒಳ್ಳೆ ಕೈ ಅವನದು. ಅವನು ಬರುಬರುತ್ತಾ ನಿದ್ದೆ ಬಿಟ್ಟ. ಟೇಬಲ್ಲಿಗೆ ಕೂತವರೆಲ್ಲಾ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನತೊಡಗಿದ. ಅಮ್ಮ ಉಕ್ಕಡಗಾತ್ರಿಗೆ ಕರೆದುಕೊಂಡು ಹೋದಳು. ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿ ಅದು. ನಮ್ಮ ಕಡೆ ಗಾಳಿ ಸೋಕಿದೆ, ತಲೆ ಸರಿ ಇಲ್ಲ ಅಂದರೆ ಮೊದಲು ನೆನಪಾಗುವುದೇ ಅಜ್ಜಯ್ಯ. ಆಸ್ಪತ್ರೆ ಆಮೇಲೆ.

ಆಸ್ಪತ್ರೆಯಲ್ಲಿ ಮೊದಲು ಸಿಕ್ಕ ಸೋಷಿಯಲ್ ವರ್ಕರ್ ಆ ಸಣ್ಣ ಟೇಬಲ್ಲಿನ ಮೇಡಂ ಅಲ್ಲ. ಕೆಳಗಡೆ ಸ್ಕೀಮ್ ಕೌಂಟರಿನಲ್ಲಿ ಕೂತ ಒಬ್ಬ ಯುವಕ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದವರೆಗೆ. ಇದನ್ನು ಅವರು ನಮಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಕೆಲಸ ಚುರುಕು, ಮಾತಿನಲ್ಲಿ ಮರ್ಯಾದೆ ಇತ್ತು. ಆದರೆ ತಲೆ ಎತ್ತಿ ನೋಡಲಿಲ್ಲ. ಪಕ್ಕದಲ್ಲಿ ನನ್ನ ತಮ್ಮ ಕಿವಿ ಮುಚ್ಚಿಕೊಂಡು ನಿಂತಿದ್ದ. ಅದು ಅವರಿಗೆ ಕಾಣಲೇ ಇಲ್ಲ. ಆಮೇಲೊಂದು ದಿನ ಅಂಗಡಿಗೆ ಬಂದಾಗ ಅವರೇ ಹೇಳಿದರು: "ನಾನೂ ಎಂಎಸ್‌ಡಬ್ಲ್ಯೂ ಸರ್. ಫಸ್ಟ್ ಕ್ಲಾಸ್. ಈಗ ದಿನಾ ಪೂರ್ತಿ ಓಟಿಪಿ ಕೇಳೋದೇ ಕೆಲ್ಸ." ಕೋಪದಲ್ಲೇನೂ ಹೇಳಲಿಲ್ಲ, ಸುಮ್ನೆ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸ್ಕ್ರೀನ್ ಲಾಗೌಟ್ ಆಗುವ ಮುಂಚೆ ಮುಗಿಸಬೇಕು ಅಂತ ಇರುವವರು ಮುಖ ನೋಡುವುದು ಯಾವಾಗ? ಆ ಕೌಂಟರಿಗೆ ಮೂರು ಸ್ಟಾರ್. ಕಾಗದ ಸರಿ ಇದ್ದರೆ ಅಲ್ಲಿ ಕೆಲಸ ಆಗುತ್ತದೆ.

ಈಗ ಮೇಲಿನ ಮಹಡಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರಾಗಬೇಡಿ.

ಮೇಡಂ ಏನು ಕಾಯಿಲೆ, ಯಾವಾಗಿನಿಂದ ಅಂತ ಶುರು ಮಾಡಲಿಲ್ಲ. ಮನೆಯಲ್ಲಿ ಯಾರ್ಯಾರು ಇದ್ದೀರಿ ಅಂದರು. ಒಂದು ಬಿಳಿ ಹಾಳೆ ತೆಗೆದು ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆಯುತ್ತಾ ಹೋದರು. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ನಾನು, ತಮ್ಮ, ನಮ್ಮ ಜೊತೆಗೇ ಇರುವ ಸೋದರಮಾವ. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದವರು. ಮಿಲ್ಲು ಮುಚ್ಚಿದ ಮೇಲೆ ಕುಡಿತಕ್ಕೆ ಬಿದ್ದು ಹೋಗಿಬಿಟ್ಟರು. ತೀರಿಕೊಂಡವರ ಗುರುತು ಅಂತ ಅಪ್ಪನ ಚೌಕದ ಮೇಲೆ ಮೇಡಂ ಅಡ್ಡ ಗೀಟು ಎಳೆದರು. ಅಮ್ಮ ಬಗ್ಗಿ ನೋಡುತ್ತಿದ್ದವಳು, "ಅಯ್ಯೋ, ನಮ್ಮನೇರ ಮೇಲೆ ಗೀಟು ಹಾಕಿಬಿಟ್ರಲ್ಲವ್ವ" ಅಂದಳು. ಮೇಡಂ ತಕ್ಷಣ ಪೆನ್ನು ಕೆಳಗಿಟ್ಟರು. "ಹೇಳ್ರಿ ಅಮ್ಮ, ಅವರು ಹೆಂಗಿದ್ರು?" ಅಂದರು. ಅಮ್ಮ ಮಿಲ್ಲಿನ ಸೈರನ್ನಿನಿಂದ ಶುರು ಮಾಡಿದಳು. ಹೊರಗೆ ಕ್ಯೂ ಇತ್ತು, ನನಗೆ ಮುಜುಗರ. ಮೇಡಂ ಗಡಿಯಾರ ನೋಡಲಿಲ್ಲ. ಕೊನೆಗೆ ಅಮ್ಮ ತಾನಾಗಿಯೇ, ನನ್ನ ಮೈದುನನಿಗೂ ಹಿಂಗೇ ಆಗಿತ್ತು, ಬಾವಿ ಹಾರಿಕೊಂಡ ಅಂದಳು. ಈ ವಿಷಯ ಡಾಕ್ಟರಿಗೆ ಯಾರೂ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ! ಕಾಲು ಜಾರಿ ಬಿದ್ದ ಅಂತಲೇ ಮನೆಯಲ್ಲಿ ಹೇಳಿಕೊಂಡು ಬಂದಿದ್ದರು.

ಆಮೇಲೆ ಉಕ್ಕಡಗಾತ್ರಿಯ ವಿಷಯ ಬಂತು. ತಮ್ಮನ ತೋಳಿನ ತಾಯತವನ್ನು ಅಮ್ಮ ಅಂಗಿ ತೋಳಿನಿಂದ ಮುಚ್ಚಿದ್ದಳು. ಆಸ್ಪತ್ರೆಯವರು ಬೈಯುತ್ತಾರೆ ಅನ್ನುವ ಭಯ. ಬೇರೆ ಕಡೆ ಬೈಸಿಕೊಂಡೂ ಇದ್ದೆವು. ಮೇಡಂ ನೋಡಿದರು, "ಅಜ್ಜಯ್ಯಂದಾ?" ಅಂತ ಕೇಳಿದರು. "ಇರ್ಲಿ ಬಿಡ್ರಿ. ಅಮಾಸಿಗೆ ಹೋಗ್ತೀರಾ? ಹೋಗ್ರಿ. ಮಾತ್ರೆ ಡಬ್ಬಿ ಒಂದು ಜೊತೆಗೆ ತಗೊಂಡು ಹೋಗ್ರಿ. ಅಲ್ಲಿ ಎರಡು ದಿನ ಉಳಿದ್ರೆ ಎರಡು ದಿನದ್ದೂ." ಅಷ್ಟೇ. ಅವತ್ತಿನಿಂದ ಅಮ್ಮ ಮಾತ್ರೆಯನ್ನು ಅಜ್ಜಯ್ಯನ ಭಂಡಾರದ ಪಕ್ಕದಲ್ಲೇ ಇಡುತ್ತಾಳೆ. ಒಂದು ಹೊತ್ತೂ ತಪ್ಪಿಲ್ಲ.

ತಮ್ಮನನ್ನು ಅಡ್ಮಿಟ್ ಮಾಡಿದಾಗ ಜೊತೆಗೆ ಮನೆಯವರು ಒಬ್ಬರು ಇರಲೇಬೇಕು ಅಂದರು. ಅಂಗಡಿ ಬಾಗಿಲು ಹಾಕಿ ವಾರ್ಡಿನ ನೆಲದ ಮೇಲೆ ಮಲಗಬೇಕಲ್ಲಾ ಅಂತ ಗೊಣಗಿದೆ. ಮೇಡಂ ಒಂದು ಹಳೆ ಕಥೆ ಹೇಳಿದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನುವವರು ಕಾಂಪೌಂಡಿನೊಳಗೆ ಟೆಂಟ್ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರಂತೆ. ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಅಂತ ಮನೆಯವರೂ ಅಲ್ಲೇ ಕಲಿತು ಹೋಗುತ್ತಿದ್ದರಂತೆ. "ನಿಮಗೆ ಟೆಂಟ್ ಇಲ್ಲ, ಫ್ಯಾನ್ ಐತೆ" ಅಂದು ನಕ್ಕರು. ಫ್ಯಾನ್ ತಿರುಗುತ್ತಿರಲಿಲ್ಲ, ಅದು ಬೇರೆ ಮಾತು.

ಡಿಸ್ಚಾರ್ಜ್ ಆದ ಮೇಲೆ ಮೇಡಂ ನಿಟುವಳ್ಳಿಯ ನಮ್ಮ ಮನೆಗೇ ಬಂದರು. ಹೋಂ ವಿಸಿಟ್ ಅನ್ನುತ್ತಾರೆ. ಆಸ್ಪತ್ರೆ ಗಾಡಿಯಲ್ಲಿ ಬರಲಿಲ್ಲ, ತಮ್ಮದೇ ಸ್ಕೂಟಿಯಲ್ಲಿ ಬಂದರು. ಬೋರ್ಡು, ಬ್ಯಾಡ್ಜು ಏನೂ ಇಲ್ಲ. ಪಕ್ಕದ ಮನೆಯವರು ಯಾರು ಅಂತ ಕೇಳಿದರೆ, ಅಂಗಡಿಗೆ ಟೈಪಿಂಗ್ ಕೊಡಲು ಬಂದವರು ಅನ್ನಿ ಅಂತ ಮೊದಲೇ ಫೋನಿನಲ್ಲಿ ಹೇಳಿದ್ದರು. ಬೀದಿಯಲ್ಲಿ ನಮ್ಮ ಮರ್ಯಾದೆ ಹೋಗಬಾರದು ಅಂತ ನಮಗಿಂತ ಮೊದಲು ಅವರೇ ಯೋಚನೆ ಮಾಡಿದ್ದು ನನಗೆ ಬಹಳ ಹಿಡಿಸಿತು.

ಬಂದವರು ಊಟದ ಹೊತ್ತಿಗೇ ಬಂದಿದ್ದರು. ಬೇಕಂತಲೇ ಇರಬೇಕು. ನಮ್ಮ ಸೋದರಮಾವ ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಕೆಟ್ಟದ್ದು. ತಟ್ಟೆ ಮುಂದೆ ಕೂತರೆ "ದುಡಿಯೋದಿಲ್ಲ, ತಿನ್ನೋದಕ್ಕೆ ಮುಂದೆ" ಅಂತ ಶುರು. ಅವತ್ತೂ ಅಂದ. ಮೇಡಂ ಎದುರುತ್ತರ ಕೊಡಲಿಲ್ಲ. ಊಟ ಆದ ಮೇಲೆ ಅವನನ್ನು ಕಟ್ಟೆ ಮೇಲೆ ಕೂರಿಸಿಕೊಂಡು ಹೇಳಿದರು. ಲಂಡನ್ನಿನಲ್ಲಿ ಎಷ್ಟೋ ವರ್ಷದ ಹಿಂದೆಯೇ ಇದನ್ನು ಲೆಕ್ಕ ಹಾಕಿ ನೋಡಿದ್ದಾರಂತೆ. ಮನೆಯಲ್ಲಿ ಹಂಗಿಸುವುದು, ಚುಚ್ಚುವುದು ಜಾಸ್ತಿ ಇದ್ದರೆ ವಾಸಿಯಾದ ಕಾಯಿಲೆಯೂ ತಿರುಗಿ ಬರುವುದು ಜಾಸ್ತಿ. "ನೀವು ಬೈಯೋದು ಅವನು ಸೋಮಾರಿ ಅಂತ. ಅದು ಸೋಮಾರಿತನ ಅಲ್ಲ, ಕಾಯಿಲೇಲೇ ಐತೆ, ಸ್ವಲ್ಪ ಮಾತ್ರೆದೂ ಐತೆ" ಅಂದರು. ಅಲ್ಲಿಗೆ ಬಿಡಲಿಲ್ಲ. ಮಾವನಿಗೇ ಒಂದು ಕೆಲಸ ಹಚ್ಚಿದರು. ಬೆಳಿಗ್ಗೆ ತಮ್ಮನನ್ನು ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಕರೆದುಕೊಂಡು ಹೋಗುವುದು. ಮಾವನಿಗೆ ಶುಗರ್ ಇತ್ತು, ಅವನಿಗೂ ಬೇಕಿತ್ತು. ಈಗ ಇಬ್ಬರೂ ಹೋಗುತ್ತಾರೆ. ಮಾವ ಬೈಯುವುದು ನಿಂತಿಲ್ಲ, ಈಗ ಕೆರೆ ಹತ್ತಿರ ಕಸ ಹಾಕುವವರಿಗೆ ಬೈಯುತ್ತಾನೆ.

ಕೆಲಸದ ವಿಷಯದಲ್ಲಿ ಅವರು ಮಾಡಿದ್ದು ಇನ್ನೂ ದೊಡ್ಡದು. ಹೋಟೆಲ್ ಮಾಲೀಕರ ಹತ್ತಿರ ಮಾತಾಡಿ ಅಂತ ನಾನೇ ಕೇಳಿದ್ದೆ. ಅವರು ನನ್ನ ಕಡೆ ನೋಡದೆ ತಮ್ಮನನ್ನು ಕೇಳಿದರು: "ನಾನು ಹೋಗಿ ಮಾತಾಡ್ಲಾ? ಏನು ಹೇಳ್ಲಿ, ಏನು ಹೇಳಬಾರದು?" ಕಾಯಿಲೆ ಬಂದ ಮೇಲೆ ಅವನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲಿರಬೇಕು. ಅವನು ಬಹಳ ಹೊತ್ತು ಯೋಚನೆ ಮಾಡಿ, "ರಾತ್ರಿ ಮಾತ್ರೆ ತಗೋತಾನೆ, ಐದಕ್ಕೆ ಏಳಾಕಾಗಲ್ಲ ಅಂತ ಹೇಳ್ರಿ. ಬೇರೆ ಬೇಡ" ಅಂದ. ಮೇಡಂ ಅಷ್ಟನ್ನೇ ಹೇಳಿದರು. ಮಾಲೀಕರು ಎಷ್ಟು ಕೆದಕಿದರೂ ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳಲಿಲ್ಲ. ಈಗ ತಮ್ಮ ಹನ್ನೊಂದರಿಂದ ನಾಲ್ಕರವರೆಗೆ ಹೋಗುತ್ತಾನೆ. ಹಂಚಿನ ಮುಂದೆ ಅಲ್ಲ. ಮಾತ್ರೆಯ ಮಂಪರಿನಲ್ಲಿ ಬೆಂಕಿ ಹತ್ತಿರ ಬೇಡ ಅಂತ ಅವನೇ ಒಪ್ಪಿಕೊಂಡ. ಆಲೂಗಡ್ಡೆ ಪಲ್ಯ, ಕಾಯಿಚಟ್ನಿ ಅವನ ಜವಾಬ್ದಾರಿ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ವಿಷಯವನ್ನೂ ಹೀಗೆಯೇ ನಡೆಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸರ್ಕಾರಿ ಸವಲತ್ತುಗಳ ಲೆಕ್ಕಕ್ಕೆ ಬರುತ್ತದೆ. ಎಷ್ಟು ಪರ್ಸೆಂಟ್ ಅಂತ ಅಳೆಯುವಾಗ ಸ್ನಾನ, ಬಟ್ಟೆ, ಜನರ ಜೊತೆ ಬೆರೆಯುವುದು, ಮಾತು, ಕೆಲಸ, ಇವನ್ನೆಲ್ಲಾ ನೋಡುತ್ತಾರೆ. ತಮ್ಮ ಮಾತ್ರ, ಕಾರ್ಡ್ ಅಂದರೆ ಹುಚ್ಚ ಅಂತ ಮುದ್ರೆ ಒತ್ತಿದ ಹಾಗೆ ಅಂದ. ಮೇಡಂ ಒತ್ತಾಯ ಮಾಡಲಿಲ್ಲ. ಲಾಭ ಏನು ಅಂತ ಒಂದು ಚೀಟಿಯಲ್ಲಿ ಬರೆದು ಅವನ ಕೈಗೇ ಕೊಟ್ಟರು. ನಾನಾಗಿದ್ದರೆ ಅವತ್ತೇ ಅರ್ಜಿ ಹಾಕಿಸುತ್ತಿದ್ದೆ. ಅಂಗಡಿಯಲ್ಲಿ ದಿನಾ ಹಾಕುವುದೇ ಅದು. ಚೀಟಿ ಇನ್ನೂ ಅವನ ಪರ್ಸಿನಲ್ಲಿದೆ. ಅರ್ಜಿ ಹಾಕಿಲ್ಲ.

ಇಷ್ಟೆಲ್ಲಾ ಆದ ಮೇಲೆ ಅಮ್ಮ ಒಂದು ದಿನ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋಗಿ, "ನೀವು ನಮ್ಮ ಪಾಲಿಗೆ ದೇವ್ರು" ಅಂತ ಕಾಲಿಗೆ ಬೀಳಲು ಹೋದಳು. ಮೇಡಂ ಹಿಂದೆ ಸರಿದರು. "ದೇವ್ರಿಗೆ ಸಂಬಳ ಇಲ್ಲ, ನನಗೆ ಐತೆ ಅಮ್ಮ. ಪುಣ್ಯಕ್ಕೆ ಮಾಡೋದಾಗಿದ್ರೆ ಭಾನುವಾರ ಬರ್ತಿದ್ದೆ" ಅಂದರು. ಮಿರ್ಚಿಯನ್ನು ಟೇಬಲ್ ಮೇಲೆ ಬಿಚ್ಚಿ, ಕ್ಯೂನಲ್ಲಿದ್ದವರಿಗೂ ಹಂಚಿ, ತಾವೂ ಒಂದು ತಿಂದರು. ಅಮ್ಮನಿಗೆ ಸ್ವಲ್ಪ ಬೇಜಾರಾಯಿತು. ನನಗೆ ಮಾತ್ರ ಅವರ ಮೇಲೆ ನಂಬಿಕೆ ಗಟ್ಟಿಯಾಗಿದ್ದು ಅವತ್ತೇ. ದೇವರಾದರೆ ಬೈಯಲು ಆಗಲ್ಲ, ಯಾಕೆ ಫೋನ್ ಎತ್ತಲಿಲ್ಲ ಅಂತ ಕೇಳಲು ಆಗಲ್ಲ. ಸಂಬಳದವರಾದರೆ ಕೇಳಬಹುದು, ಅಲ್ವಾ?

ನನ್ನ ಅಂಗಡಿಗೆ ಬರುವ ವಿದ್ಯಾರ್ಥಿಗಳ ರಿಪೋರ್ಟುಗಳಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಮೊದಲ ಪುಟದಲ್ಲೇ ತ್ಯಾಗ, ಸೇವೆ, ದೀನರ ಕಣ್ಣೀರು. ಎರಡನೇ ಪುಟದಲ್ಲಿ 1936ರಲ್ಲಿ ಮುಂಬೈಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆಯಿಂದ ನಮ್ಮ ದೇಶದಲ್ಲಿ ಸಮಾಜಕಾರ್ಯದ ಓದು ಶುರುವಾಯಿತು, 1946ರಲ್ಲಿ ಅಲ್ಲಿನ ಜೆ.ಜೆ. ಆಸ್ಪತ್ರೆಗೆ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರು ಬಂದರು ಅಂತ. ಟೈಪ್ ಮಾಡಿ ಮಾಡಿ ನನಗೆ ಬಾಯಿಪಾಠ ಆಗಿದೆ, ಕೇಳಿದರೆ ವೈವಾದಲ್ಲಿ ನಾನೇ ಪಾಸಾಗುತ್ತೇನೆ. ಆಮೇಲೆ ಕೇಸುಗಳು. ಒಂದೇ ಕುಡುಕನ ಕಥೆ ಮೂರು ಜನರ ಫೈಲಿನಲ್ಲಿ ಊರು ಬದಲಾಯಿಸಿಕೊಂಡು ಬಂದದ್ದನ್ನೂ ನೋಡಿದ್ದೇನೆ. ಕೆಲವರು ರೋಗಿಯ ಹೆಸರು, ಮನೆ ನಂಬರ್, ಫೋಟೋ ಸಮೇತ ಅಂಟಿಸಿಕೊಂಡು ಬರುತ್ತಾರೆ. ಝೆರಾಕ್ಸ್ ಅಂಗಡಿಯವನ ಕೈಗೆ ಅದನ್ನು ಕೊಡುತ್ತಿದ್ದೇವೆ ಅನ್ನುವ ಯೋಚನೆಯೇ ಇಲ್ಲ. ಒಬ್ಬ ಹುಡುಗಿ ಮಾತ್ರ ಎಲ್ಲಾ ಕಡೆ ಬರೀ ಇನಿಷಿಯಲ್ ಹಾಕಿಸಿದ್ದಳು, ಪೆನ್‌ಡ್ರೈವ್‌ನಿಂದ ನನ್ನ ಕಂಪ್ಯೂಟರಿಗೆ ಕಾಪಿ ಆಗಿದ್ದನ್ನು ನಿಂತು ಡಿಲೀಟ್ ಮಾಡಿಸಿ ಹೋದಳು. ಅವಳ ರಿಪೋರ್ಟಿನಲ್ಲಿ ತ್ಯಾಗ ಅನ್ನುವ ಮಾತೇ ಇರಲಿಲ್ಲ. ಅವಳಿಗೆ ಎಲ್ಲಿ ಕೆಲಸ ಸಿಕ್ಕರೂ ಅಲ್ಲಿನ ಜನರ ಅದೃಷ್ಟ ಅನ್ನುತ್ತೇನೆ.

ಮೇಡಂ ಸ್ವತಃ ತಮ್ಮ ಕೆಲಸದ ಬಗ್ಗೆ ಏನಂದುಕೊಂಡಿದ್ದಾರೆ? ಒಮ್ಮೆ ಕಾಂಟ್ರಾಕ್ಟ್ ರಿನ್ಯೂವಲ್ ಕಾಗದಗಳ ಝೆರಾಕ್ಸಿಗೆ ಬಂದಿದ್ದರು. ಹೌದು, ಅವರದ್ದೂ ಕಾಂಟ್ರಾಕ್ಟ್. ಕರೆಂಟ್ ಹೋಯಿತು, ಕೂತು ಮಾತಾಡಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಅಂದರೆ ಯಾರು ಅಂತ ಬರೆದಿದೆಯಂತೆ: ಎಂಎಸ್‌ಡಬ್ಲ್ಯೂ ಆದ ಮೇಲೆ ಎರಡು ವರ್ಷದ ಎಂ.ಫಿಲ್ ಆಗಿರಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಅದನ್ನು ಓದುತ್ತಾರೆ. ಅಷ್ಟು ಓದಿ ಬಂದರೂ ವಾರ್ಡಿನಲ್ಲಿ ಯಾರದ್ದೂ ಅಲ್ಲದ ಕೆಲಸವೆಲ್ಲಾ ಇವರ ತಲೆಗೇ. ವಾರಸುದಾರರಿಲ್ಲದ ರೋಗಿ, ರಕ್ತ ಕೊಡುವವರನ್ನು ಹುಡುಕುವುದು, ಗಲಾಟೆ ಮಾಡುವ ನೆಂಟರು, "ಮೇಡಂ, ಸ್ವಲ್ಪ ನೋಡ್ರಿ". ಡಾಕ್ಟರಿಗೆ ಕೌನ್ಸಿಲ್ ಇದೆ, ನರ್ಸ್‌ಗೆ ಇದೆ, ಔಷಧಿ ಅಂಗಡಿಯವರಿಗೂ ಇದೆ. ಸಮಾಜಕಾರ್ಯಕ್ಕೆ ಅಂತಲೇ ದೇಶಮಟ್ಟದಲ್ಲಿ ಪ್ರತ್ಯೇಕ ಕೌನ್ಸಿಲ್ ಇಲ್ಲ. "ಇಷ್ಟ ಇಲ್ವಾ ಮೇಡಂ ಹಂಗಾದ್ರೆ?" ಅಂದೆ. "ಕೆಲ್ಸ ಇಷ್ಟ. ಕೆಲ್ಸದ ಜಾಗ ಕಷ್ಟ" ಅಂದರು. ಕರೆಂಟ್ ಬಂತು, ಎದ್ದು ಹೋದರು.

ಈಗ ದೂರುಗಳು. ಮೊದಲನೆಯದು ಜಾಗ. ಆ ಟೇಬಲ್ ಇರುವುದು ಓಡಾಡುವ ದಾರಿಯಲ್ಲಿ, ಮಧ್ಯೆ ಒಂದು ಹಸಿರು ಪರದೆ. ಅಮ್ಮ ಬಾವಿಯ ವಿಷಯ ಹೇಳುವಾಗ ಪರದೆ ಆಚೆ ಯಾರೋ "ಟೋಕನ್ ನಂಬರ್ ಎಷ್ಟು" ಅಂತ ಕೂಗುತ್ತಿದ್ದರು. ಇಂಥ ಮಾತಿಗೆ ಬಾಗಿಲಿರುವ ರೂಮು ಬೇಕು. ಇದು ಮೇಡಂ ತಪ್ಪಲ್ಲ, ಆಡಳಿತದವರದ್ದು. ಒಂದು ಸ್ಟಾರ್ ಇದಕ್ಕೇ ಕಡಿತ.

ಎರಡನೆಯದು, ಅವರು ರಜೆ ಅಥವಾ ಟ್ರೇನಿಂಗ್ ಹೋದರೆ ಹೇಳುವವರಿಲ್ಲ. ಜಗಳೂರು, ಚನ್ನಗಿರಿ ಕಡೆಯಿಂದ ಬಸ್ಸಿಗೆ ದುಡ್ಡು ಹಾಕಿಕೊಂಡು ಬಂದವರು ಖಾಲಿ ಕುರ್ಚಿ ನೋಡಿಕೊಂಡು ವಾಪಸ್ಸು ಹೋಗಿದ್ದನ್ನು ನೋಡಿದ್ದೇನೆ. ಒಂದು ಹಾಳೆ ಅಂಟಿಸಲು ಏನು ಕಷ್ಟ? ಪ್ರಿಂಟ್ ನಾನೇ ಫ್ರೀಯಾಗಿ ತೆಗೆದುಕೊಡುತ್ತೇನೆ.

ಮೂರನೆಯದೇ ನಿಜವಾದ ಸಿಟ್ಟು. ಕಾಂಟ್ರಾಕ್ಟ್ ಮುಗಿಯಿತು, ಮೇಡಂ ಬೇರೆ ಊರಿಗೆ ಹೋದರು. ಹೋಗುವ ಮುಂಚೆ ತಮ್ಮನನ್ನು ಕೂರಿಸಿಕೊಂಡು ತಾವೇ ಹೇಳಿ ಹೋದರು, ಅದು ಅವರ ದೊಡ್ಡತನ. ಆದರೆ ಹೊಸಬರು ಬರುವವರೆಗೆ ಆ ಟೇಬಲ್ ಖಾಲಿ ಇತ್ತು. ಚೌಕ, ಸೊನ್ನೆ ಬರೆದ ಹಾಳೆ ಫೈಲಿನಲ್ಲಿ ಇತ್ತಂತೆ, ಫೈಲೇ ಸಿಗಲಿಲ್ಲ. ಆ ಮಧ್ಯೆ ತಮ್ಮನಿಗೆ ಮತ್ತೆ ನಿದ್ದೆ ಹೋದಾಗ ನಾವು 14416ಕ್ಕೆ ಫೋನ್ ಮಾಡಿದೆವು. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿ ಅಂದರು. ಸೇವೆ ಚೆನ್ನಾಗಿದೆ. ಆದರೆ ನಮ್ಮ ಮಾವ ಯಾರು, ಅವನ ಬಾಯಿ ಎಂಥದ್ದು ಅಂತ ಫೋನಿನವರಿಗೆ ಹೇಗೆ ಗೊತ್ತಾಗಬೇಕು?

ಹೋಗುವವರಿಗೆ ಒಂದಷ್ಟು ಸಲಹೆ. ಒಪಿಡಿ ಚೀಟಿ ಮಾಡಿಸಿದ ಮೇಲೆ ಡಾಕ್ಟರ ಹತ್ತಿರವೇ "ಸೋಷಿಯಲ್ ವರ್ಕರ್‌ಗೆ ಬರೆದುಕೊಡಿ" ಅಂತ ಕೇಳಿ. ಕೇಳದಿದ್ದರೆ ಬರೆಯುವುದು ಕಡಿಮೆ. ಬೆಳಿಗ್ಗೆ ನೂಕುನುಗ್ಗಲು, ಮಧ್ಯಾಹ್ನದ ಮೇಲೆ ಹೋದರೆ ಮಾತಾಡಲು ಸಮಯ ಸಿಗುತ್ತದೆ. ಮನೆಯಲ್ಲಿ ಜಾಸ್ತಿ ಬೈಯುವವರು ಯಾರೋ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ತಾಯತ ಮುಚ್ಚಿಡಬೇಡಿ. ಬೇರೆ ತಾಲ್ಲೂಕಿನವರು ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದು ಅಂತ ವಿಚಾರಿಸಿ. ಸಾಮಾನ್ಯವಾಗಿ ಮಂಗಳವಾರ ಇರುತ್ತದೆ, ದಾವಣಗೆರೆವರೆಗೆ ಬರುವ ಖರ್ಚು ಉಳಿಯುತ್ತದೆ.

ಹಳೆ ಮೇಡಂಗೆ ಐದಕ್ಕೆ ಐದು. ವ್ಯವಸ್ಥೆಗೆ ಎರಡು, ಅದೂ ಅವರ ಮುಖ ನೋಡಿ.

ಹೊಸದಾಗಿ ಒಬ್ಬರು ಸರ್ ಬಂದಿದ್ದಾರೆ. ಸಣ್ಣ ವಯಸ್ಸು, ಮಾತು ಕಡಿಮೆ. ಅವರಿಗೆ ಈಗಲೇ ಸ್ಟಾರ್ ಕೊಡಲ್ಲ. ಮೊದಲ ದಿನ ತಮ್ಮನ ಜೊತೆ ಬೆಣ್ಣೆ ದೋಸೆಗೆ ಹಿಟ್ಟು ಹೇಗೆ ರುಬ್ಬುತ್ತಾರೆ ಅಂತಲೇ ಮಾತಾಡಿದರು. ಟೈಂಪಾಸ್ ಮಾಡುತ್ತಿದ್ದಾರೆ ಅಂತ ಮಾವ ಗೊಣಗಿದ. ತಮ್ಮ ಮಾತ್ರ ಮನೆಗೆ ಬಂದು, ಮುಂದಿನ ಸಲ ಆ ಸರ್ ಹತ್ತಿರ ತಾನೊಬ್ಬನೇ ಹೋಗುತ್ತೇನೆ, ಯಾರೂ ಬರುವುದು ಬೇಡ ಅಂದ.